ಉರಿ ಎಲ್ಲಿದೆ ಎಂದು ಮೊದಲು ನೋಡಿ

(ಮದ್ದೂರು ತಾಲ್ಲೂಕಿನ ಒಂದು ಹಳ್ಳಿಯ ಸಮುದಾಯ ಭವನದಲ್ಲಿ ಸ್ತ್ರೀಶಕ್ತಿ ಸಂಘದವರ ಮುಂದೆ, ಮುಟ್ಟಿನ ಪ್ಯಾಡಿನಿಂದ ಆಗುವ ಉರಿ, ನವೆಯ ಬಗ್ಗೆ ಆಡಿದ ಮಾತುಗಳಿವು. ಬರೆದುಕೊಡಿ ಎಂದು ಕೆಲವರು ಕೇಳಿದ್ದರಿಂದ ಬರೆದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಅವ್ವಂದಿರೆ, ಅಕ್ಕಂದಿರೆ, ಹಿಂದಿನ ಸಾಲಿನಲ್ಲಿ ಕೂತಿರುವ ಹೈಸ್ಕೂಲು, ಪಿಯುಸಿ ಹೆಣ್ಣುಮಕ್ಕಳೆ,

ಈ ಮೇಜಿನ ಮೇಲೆ ಏನೇನಿದೆ ಅಂತ ಆಗಲೇ ಕೆಲವರು ಇಣುಕಿ ನೋಡಿದ್ದೀರಿ. ಒಂದು ಕತ್ತರಿ, ಮೂರು ಥರದ ಪ್ಯಾಡು, ಬೀಟ್‌ರೂಟ್ ಬೇಯಿಸಿ ಬಸಿದ ಕೆಂಪು ನೀರು ಒಂದು ಲೋಟ, ಕೆಮ್ಮಿನ ಔಷಧಿ ಬಾಟಲಿಯ ಅಳತೆ ಮುಚ್ಚಳ, ನಿನ್ನೆಯ ಪೇಪರು. ಪ್ಯಾಡುಗಳನ್ನು ಕಪ್ಪು ಕವರಿನಲ್ಲಿ ಹಾಕಿ ತಂದಿಲ್ಲ. ಅಲ್ಲಿ ಬಾಗಿಲ ಬಳಿ ಮೈಕು ಸರಿಮಾಡುತ್ತಿದ್ದ ಹುಡುಗ ನೋಡಿದ. ನೋಡಲಿ. ಅವನಿಗೂ ಅವ್ವ ಇದ್ದಾಳೆ, ಅಕ್ಕ ಇದ್ದಾಳೆ.

ಸಂತೆಯಲ್ಲಿ ಕಾಲು ಕೆ.ಜಿ. ಬದನೆಕಾಯಿ ಕೊಳ್ಳುವಾಗ ನಾವು ಒಂದೊಂದನ್ನೂ ತಿರುಗಿಸಿ, ತೊಟ್ಟು ಎತ್ತಿ, ಹುಳದ ತೂತು ಇದೆಯಾ ಅಂತ ನೋಡಿಯೇ ಬುಟ್ಟಿಗೆ ಹಾಕುವುದು. ಸೀರೆ ಅಂಗಡಿಯಲ್ಲಿ ಸೆರಗನ್ನು ಎರಡು ಬೆರಳ ನಡುವೆ ಉಜ್ಜಿ ನೋಡದೆ ಯಾರೂ ದುಡ್ಡು ಬಿಚ್ಚುವುದಿಲ್ಲ. ಆದರೆ ಮೈಯ ಬಲು ಸೂಕ್ಷ್ಮವಾದ ಜಾಗಕ್ಕೆ, ತಿಂಗಳಿಗೆ ಐದು ದಿನ ಹಗಲೂ ರಾತ್ರಿ ಒತ್ತಿಕೊಂಡಿರುವ ವಸ್ತುವನ್ನು ಕೊಳ್ಳುವಾಗ ಮಾತ್ರ, ಬೇರೆ ಗಿರಾಕಿಗಳು ಹೋಗುವವರೆಗೂ ಮೆಡಿಕಲ್ ಸ್ಟೋರಿನ ಮೂಲೆಯಲ್ಲಿ ನಿಂತಿದ್ದು, ತಗ್ಗಿದ ದನಿಯಲ್ಲಿ 'ವಿಸ್ಪರ್ ಕೊಡಿ' ಅನ್ನುತ್ತೇವೆ. ಅದು ಒಂದು ಕಂಪನಿಯ ಹೆಸರು, ನಮ್ಮ ಕಡೆ ಎಲ್ಲ ಪ್ಯಾಡಿಗೂ ಅದೇ ಹೆಸರಾಗಿದೆ. ಅಂಗಡಿಯವರು ಕೈಗೆ ಸಿಕ್ಕ ಒಂದನ್ನು ಪೇಪರಿನಲ್ಲಿ ಸುತ್ತಿ ಕೊಡುತ್ತಾರೆ, ನಾವು ಬ್ಯಾಗಿನ ತಳಕ್ಕೆ ತಳ್ಳಿಕೊಂಡು ಬರುತ್ತೇವೆ. ಪ್ಯಾಕೆಟ್ಟಿನ ಮೇಲೆ ಏನು ಬರೆದಿದೆ ಅಂತ ಓದುವುದು ಹೋಗಲಿ, ಅದರ ಬಣ್ಣವನ್ನೂ ನೋಡಿರುವುದಿಲ್ಲ.

ನಾನು ಚರ್ಮದ ಡಾಕ್ಟರು. ಮಂಡ್ಯದಲ್ಲಿ ನನ್ನ ಬಳಿ ಬರುವ ಹೆಂಗಸರಲ್ಲಿ ಪ್ಯಾಡಿನ ಉರಿಯ ತೊಂದರೆಯನ್ನು ಮೊದಲ ಮಾತಿಗೇ ಹೇಳುವವರು ಕಡಿಮೆ. ಮುಖದ ಬಂಗಿನ ಬಗ್ಗೆ ಕೇಳುತ್ತಾರೆ, ಕೂದಲು ಉದುರುವುದು ಕೇಳುತ್ತಾರೆ, ಎದ್ದು ಬಾಗಿಲವರೆಗೂ ಹೋಗಿ ಆಮೇಲೆ ತಿರುಗಿ 'ಇನ್ನೊಂದಿತ್ತು' ಅನ್ನುತ್ತಾರೆ. ಅಷ್ಟರಲ್ಲಿ ಆ ನೋವು ಆರು ತಿಂಗಳಿನದೋ ವರ್ಷದ್ದೋ ಆಗಿರುತ್ತದೆ.

ಹೋದ ಬೇಸಿಗೆಯಲ್ಲಿ ಗಾರ್ಮೆಂಟ್ಸಿಗೆ ಹೋಗುವ ಒಬ್ಬ ಹೆಣ್ಣುಮಗಳು ಬಂದಿದ್ದಳು. ನಡೆಯುವಾಗ ಕಾಲು ಅಗಲಿಸಿ ನಡೆಯುತ್ತಿದ್ದಳು. "ಮೇಡಮ್ಮೋರೆ, ಮುಟ್ಟು ನಿಂತು ಎಂಟು ದಿನ ಆದ್ರೂ ಉರಿ ನಿಂತಿಲ್ಲ. ಮೈ ಉಷ್ಣ ಅಂತ ದಿನಾ ಎಳನೀರು ಕುಡೀತಾ ಇವ್ನಿ, ಮೆಂತ್ಯ ನೆನೆಹಾಕಿ ತಿಂತಾ ಇವ್ನಿ" ಅಂದಳು. "ಕುಡಿ ತಾಯಿ, ಮದ್ದೂರಲ್ಲಿ ಎಳನೀರಿಗೆ ಏನು ಬರ. ಆದ್ರೆ ಉರಿ ಎಲ್ಲೈತೆ, ಮೊದ್ಲು ಅದನ್ನ ತೋರ್ಸು" ಅಂದೆ.

ಎರಡೂ ತೊಡೆಯ ಒಳಭಾಗದಲ್ಲಿ, ಸಂದಿಯಿಂದ ಎರಡು ಬೆರಳು ಕೆಳಗೆ, ಕೈಬಳೆ ಒತ್ತಿದ ಗುರುತಿನ ಹಾಗೆ ಒಂದೊಂದು ಕೆಂಪು ಗೆರೆ. ಗೆರೆಯ ನಡುವೆ ಚರ್ಮ ಸುಲಿದು ಹಸಿಯಾಗಿತ್ತು. ಬೇರೆಲ್ಲೂ ಏನೂ ಇಲ್ಲ. ಹೊಟ್ಟೆಯೊಳಗಿನ ಉಷ್ಣ ಹೀಗೆ ಅಳತೆಪಟ್ಟಿ ಇಟ್ಟು ಗೆರೆ ಎಳೆಯುವುದಿಲ್ಲ. ಆ ಗೆರೆ ಇದ್ದದ್ದು ಪ್ಯಾಡಿನ ರೆಕ್ಕೆ ಮಡಚಿಕೊಳ್ಳುವ ಜಾಗದಲ್ಲಿ.

ಇವತ್ತು ನಿಮಗೆ ಮುಖ್ಯವಾಗಿ ಇದನ್ನೇ ಹೇಳಬೇಕು ಅಂತ ಬಂದೆ. ಉರಿ ಬಂದ ಕೂಡಲೇ ಮೈಯನ್ನು ಬಯ್ಯಬೇಡಿ, ಬೇರೆ ಕಂಪನಿಯ ಪ್ಯಾಡಿಗೂ ಓಡಬೇಡಿ. ಒಂದು ಕನ್ನಡಿ ಹಿಡಿದು ಉರಿ ಎಲ್ಲಿದೆ, ಯಾವ ಆಕಾರದಲ್ಲಿದೆ ಎಂದು ನೋಡಿ. ಕಾರಣ ಅಲ್ಲಿಯೇ ಬರೆದಿರುತ್ತದೆ.

ಈಗ ಈ ಪ್ಯಾಡನ್ನು ಕತ್ತರಿಸುತ್ತೇನೆ. ಮುಂದಿನ ಸಾಲಿನವರು ಎದ್ದು ಬನ್ನಿ. ಮುಟ್ಟಿ ನೋಡಿ, ಹೊಸದು.

ಮೇಲೆ ಕಾಣುವ ಬಿಳಿ ಪದರ ಇದು. ಚರ್ಮಕ್ಕೆ ತಗಲುವುದು ಇದೊಂದೇ. ಹತ್ತಿಯ ಹಾಗೆ ಮೆತ್ತಗಿದೆ, ಆದರೆ ಹೆಚ್ಚಿನ ಪ್ಯಾಡುಗಳಲ್ಲಿ ಇದು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಎಳೆಗಳನ್ನು ಒತ್ತಿ ಮಾಡಿದ ಹಾಳೆ. ಇನ್ನೊಂದು ಥರದಲ್ಲಿ, ನೋಡಿ, ಸಣ್ಣ ಸಣ್ಣ ತೂತಿರುವ ತೆಳು ಪ್ಲಾಸ್ಟಿಕ್ ಜಾಲರಿ ಇದೆ. ನೆಟ್ಟು ಅಂತ ಕರೆಯುತ್ತಾರಲ್ಲ, ಅದು. ಅದರ ಕೆಳಗೆ ದ್ರವವನ್ನು ಹರಡುವ ಒಂದು ತೆಳು ಪದರ. ಅದರಡಿ ಈ ದಪ್ಪ ಭಾಗ. ಇದನ್ನು ಹತ್ತಿ ಅಂದುಕೊಂಡಿದ್ದೀರಿ, ಇದು ಮರದ ತಿರುಳು. ಕೊಡವಿದರೆ ಸಕ್ಕರೆಯಂಥ ಹರಳು ಉದುರುತ್ತಿದೆ ನೋಡಿ. ಸೋಡಿಯಂ ಪಾಲಿಅಕ್ರಿಲೇಟ್ ಅಂತ ಇದರ ಹೆಸರು. ಈ ಹರಳಿನ ಮೇಲೆ ನಾಲ್ಕು ಹನಿ ಬೀಟ್‌ರೂಟ್ ನೀರು ಬಿಡುತ್ತೇನೆ. ಏನಾಯಿತು? ನೆನೆಹಾಕಿದ ಸಬ್ಬಕ್ಕಿ ಥರ ಉಬ್ಬಿ ಲೋಳೆಯಾಯಿತು. ತೆಳ್ಳಗಿನ ಪ್ಯಾಡು ಅಷ್ಟೊಂದು ಹೀರುವುದು ಇದರಿಂದ. ಎಲ್ಲಕ್ಕಿಂತ ಕೆಳಗೆ ನೀರು ದಾಟದ ಪ್ಲಾಸ್ಟಿಕ್ ಹಾಳೆ, ಅದರ ಬೆನ್ನಿಗೆ ಅಂಟು.

ಈ ಎರಡು ಥರದಲ್ಲಿ ಒಂದೊಂದು ಹೊಸ ಪ್ಯಾಡಿಗೆ ಈ ಮುಚ್ಚಳದಲ್ಲಿ ಮೂರು ಮೂರು ಸಲ ಕೆಂಪು ನೀರು ಹಾಕುತ್ತೇನೆ. ಒಂದು ಮುಚ್ಚಳಕ್ಕೆ 10 ಮಿ.ಲೀ., ಒಂದು ಪ್ಯಾಡಿಗೆ ಒಟ್ಟು 30. ಭಾರತೀಯ ಮಾನಕ ಬ್ಯೂರೋದ ಐಎಸ್ 5405 ಎಂಬ ಪ್ಯಾಡಿನ ಗುಣಮಟ್ಟದ 1980ರ ಆವೃತ್ತಿಯಲ್ಲಿ ಇಷ್ಟೇ ದ್ರವವನ್ನು ನಿಧಾನವಾಗಿ ಹಾಕಿ, ಅಡಿಯಲ್ಲೂ ಅಂಚಲ್ಲೂ ಸೋರಬಾರದು ಎಂದು ಪರೀಕ್ಷೆ ಇಟ್ಟಿದ್ದರು. ಆ ಗುಣಮಟ್ಟವನ್ನು 2019ರಲ್ಲಿ ಪರಿಷ್ಕರಿಸಿದ್ದಾರೆ. ಈಗ ಲೆಕ್ಕ ಹಾಕಿ. ಆರೋಗ್ಯವಂತ ಹೆಂಗಸಿಗೆ ಒಂದು ಮುಟ್ಟಿನ ಎಲ್ಲ ದಿನ ಸೇರಿ ಹೋಗುವ ರಕ್ತ ಸರಾಸರಿ 30ರಿಂದ 40 ಮಿ.ಲೀ. ಜೊತೆಗೆ ಬೇರೆ ದ್ರವವೂ ಇರುತ್ತದೆ, ಆ ಮಾತು ಬೇರೆ. 80 ಮಿ.ಲೀ. ದಾಟಿದರೆ ಅತಿಯಾದ ಮುಟ್ಟು, ಅದಕ್ಕೆ ಹೆರಿಗೆ ಡಾಕ್ಟರನ್ನು ನೋಡಬೇಕು, ರಕ್ತಹೀನತೆ ಇದೆಯಾ ಪರೀಕ್ಷೆ ಮಾಡಿಸಬೇಕು. ಅಂದರೆ ಒಂದು ಪ್ಯಾಡಿಗೆ ಹೀರುವ ಶಕ್ತಿ ಬೇಕಾದಷ್ಟಿದೆ. ಅದಕ್ಕೇ 'ಇನ್ನೂ ತುಂಬಿಲ್ಲ, ಯಾಕೆ ದಂಡ ಮಾಡಲಿ' ಅಂತ ಬೆಳಗ್ಗೆ ಏಳಕ್ಕೆ ಇಟ್ಟದ್ದನ್ನು ಸಂಜೆ ಆರಕ್ಕೆ ತೆಗೆಯುತ್ತೀರಿ. ಪ್ಯಾಡು ತುಂಬಿದೆಯೇ ಎಂಬುದು ಬಟ್ಟೆ ಕಾಪಾಡುವ ಲೆಕ್ಕ. ಚರ್ಮದ ಲೆಕ್ಕಕ್ಕೆ ಗಡಿಯಾರ ನೋಡಬೇಕು. ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಾಯಿಸಬೇಕು, ಸ್ರಾವ ಸ್ವಲ್ಪವೇ ಇದ್ದರೂ.

ಯಾಕೆ ಅಂತ ಹೇಳುತ್ತೇನೆ. ಬಿಸಿ ಅನ್ನದ ಪಾತ್ರೆಗೆ ಮುಚ್ಚಳ ಮುಚ್ಚಿಟ್ಟರೆ ಒಳಗೆಲ್ಲ ಹನಿಗಟ್ಟುತ್ತದೆ. ಆ ಅಡಿ ಹಾಳೆ ಮಾಡುವುದೂ ಅದೇ. ಮೈಯ ಬಿಸಿ, ಬೆವರು ಎರಡೂ ಒಳಗೇ ಉಳಿಯುತ್ತವೆ. ನಾಟಿ ಕಾಲದಲ್ಲಿ ದಿನವಿಡೀ ಕೆಸರಲ್ಲಿ ನಿಂತರೆ ಕಾಲ್ಬೆರಳ ಸಂದಿ ಬೆಳ್ಳಗೆ ಉಬ್ಬಿ ಕೆಸರು ಹುಣ್ಣು ಆಗುತ್ತದಲ್ಲ? ನೀರಲ್ಲಿ ನೆನೆದ ಚರ್ಮಕ್ಕೆ ಗಟ್ಟಿತನ ಹೋಗುತ್ತದೆ. ಒಣ ಚರ್ಮಕ್ಕಿಂತ ಒದ್ದೆ ಚರ್ಮಕ್ಕೆ ಉಜ್ಜಾಟವೂ ಹೆಚ್ಚು. ಆ ಜಾಗದ ಚರ್ಮ ಮೊದಲೇ ಕೈಯ ಚರ್ಮದ ಹಾಗಲ್ಲ, ಮೇಲೆ ಹಚ್ಚಿದ್ದನ್ನು ಬೇಗ ಒಳಗೆಳೆದುಕೊಳ್ಳುತ್ತದೆ. ಚರ್ಮಕ್ಕೆ ತನ್ನದೇ ಒಂದು ಸಣ್ಣ ಹುಳಿ ಗುಣ ಇದೆ, ಅದೇ ಅದರ ಕಾವಲು. ರಕ್ತಕ್ಕೆ ಆ ಹುಳಿ ಇಲ್ಲ. ಗಂಟೆಗಟ್ಟಲೆ ರಕ್ತದಲ್ಲಿ, ಬೆವರಿನಲ್ಲಿ ನೆನೆದಾಗ ಕಾವಲು ಸಡಿಲಾಗುತ್ತದೆ. ಆಗ ಯಾವ ಪ್ಯಾಡಾದರೂ ಚುಚ್ಚುತ್ತದೆ.

ಉರಿಯ ಜಾಗದ ಮಾತಿಗೆ ಬರೋಣ.

ಆ ಹೆಣ್ಣುಮಗಳ ಥರ ತೊಡೆಯ ಎರಡೂ ಕಡೆ ಗೆರೆ ಬಿದ್ದರೆ ಅದು ಅಂಚಿನ ಉಜ್ಜಾಟ. ರೆಕ್ಕೆ ಸರಿಯಾಗಿ ಮಡಚಿ ಚಡ್ಡಿಗೆ ಅಂಟಿಲ್ಲ, ಸುರುಳಿ ಸುತ್ತಿಕೊಂಡು ಅದರ ಅಂಟು ಚರ್ಮಕ್ಕೇ ತಗಲುತ್ತಿದೆ. ಇಲ್ಲವೇ ಚಡ್ಡಿ ಸಡಿಲ, ಪ್ಯಾಡು ಅತ್ತಿತ್ತ ಜರುಗುತ್ತಿದೆ. ಇಲ್ಲವೇ ಮೇಲೆ ಬಿಗಿ ಲೆಗ್ಗಿಂಗ್ಸು. ಅವಳಿಗೆ ಮೂರೂ ಇತ್ತು. ಔಷಧಿಗಿಂತ ಮೊದಲು ನಾನು ಹೇಳಿದ್ದು, ರೆಕ್ಕೆ ಇಲ್ಲದ ಪ್ಯಾಡು ತಗೋ, ಮೈಗೆ ಸರಿಯಾಗಿ ಕೂರುವ ಹತ್ತಿ ಚಡ್ಡಿ ತಗೋ, ಆ ಐದು ದಿನ ಸಡಿಲ ಚೂಡಿದಾರ್ ಪ್ಯಾಂಟು ಹಾಕು, ಬೆಳಗ್ಗೆ ಹೊರಡುವಾಗ ತೊಡೆಸಂದಿಗೆ ವಾಸನೆ ಇಲ್ಲದ ಪೆಟ್ರೋಲಿಯಂ ಜೆಲ್ಲಿ ತೆಳ್ಳಗೆ ಸವರು. ಪ್ಯಾಡಿನ ಮೇಲೆ ಮೆತ್ತಬೇಡ, ಮೆತ್ತಿದರೆ ಅದು ಹೀರುವುದಿಲ್ಲ. ಎರಡು ತಿಂಗಳಲ್ಲಿ ಗೆರೆ ಮಾಯವಾಯಿತು.

ಕೆಂಪು ಗೆರೆಯಾಗಿರದೆ ಪ್ಯಾಡು ತಗಲುವ ಅಷ್ಟೂ ಜಾಗ ಕೆಂಪಾಗಿ, ಮಡಿಕೆಗಳ ಒಳಗೆ ಮಾತ್ರ ಚರ್ಮ ಚೆನ್ನಾಗಿದ್ದರೆ, ಅದು ಒದ್ದೆಯಿಂದ ಆದದ್ದು ಅಥವಾ ಪ್ಯಾಡಿನ ಮೇಲ್ಪದರ, ಸುವಾಸನೆ ಆಗದೆ ಬಂದದ್ದು. ಇವೆರಡನ್ನು ಬೇರೆ ಮಾಡುವುದು ಹೇಗೆ? ಒದ್ದೆ, ಉಜ್ಜಾಟದಿಂದ ಬಂದದ್ದರಲ್ಲಿ ಉರಿ ಮುಂದು, ನವೆ ಹಿಂದು. ಪ್ಯಾಡು ತೆಗೆದು ಗಾಳಿ ಆಡಿದರೆ ಬೇಗ ಇಳಿಯುತ್ತದೆ. ಅಲರ್ಜಿಯಾದರೆ ನವೆ ಮುಂದು. ಪ್ಯಾಡು ಇಟ್ಟು ಒಂದೆರಡು ದಿನ ಆದಮೇಲೆ ಏಳುತ್ತದೆ, ಸಣ್ಣ ನೀರ್ಗುಳ್ಳೆ ಬರಬಹುದು, ಪ್ಯಾಡಿನ ಅಂಚು ದಾಟಿ ಹರಡುತ್ತದೆ, ಮುಟ್ಟು ನಿಂತ ಮೇಲೂ ವಾರಗಟ್ಟಲೆ ಕಾಡುತ್ತದೆ. ಒಂದು ಸಲ ಮೈಗೆ ಆಗದೆ ಹೋದ ವಸ್ತು ಮುಂದೆ ಎಷ್ಟು ಕಡಿಮೆ ತಗಲಿದರೂ ಮತ್ತೆ ಏಳಿಸುತ್ತದೆ. ಇಂಥ ಅಲರ್ಜಿಯಲ್ಲಿ ನಾವು ಹೆಚ್ಚಾಗಿ ಅನುಮಾನಿಸುವುದು ಸುವಾಸನೆಯನ್ನು, ಅಂಟಿನಲ್ಲಿರುವ ರಾಳದಂಥ ವಸ್ತುಗಳನ್ನು, ಒರೆಸಿಕೊಳ್ಳುವ ಒದ್ದೆ ಟಿಶ್ಯೂಗಳಲ್ಲಿ ಕೆಡದಂತೆ ಹಾಕಿರುವ ರಾಸಾಯನಿಕಗಳನ್ನು. ಆ ಟಿಶ್ಯೂ ಬಳಸುವವರು ಪ್ಯಾಡನ್ನು ಬಯ್ಯುವ ಮೊದಲು ಒಂದು ತಿಂಗಳು ಅದನ್ನು ಬಿಟ್ಟು ನೋಡಿ.

ಹಿಂದೆ, ಪೃಷ್ಠದ ಹತ್ತಿರ ಮಾತ್ರ ಸುಲಿದಿದೆಯೇ? ರಾತ್ರಿಗೆಂದು ಮಾಡಿದ ಉದ್ದ ಪ್ಯಾಡನ್ನು ಹಗಲು ಹಾಕಿಕೊಂಡು ಎಂಟು ಗಂಟೆ ಹೊಲಿಗೆ ಮೆಷೀನಿನ ಮುಂದೆ ಕೂತಿದ್ದೀರಿ ಅಂತ ಅರ್ಥ. ದೊಡ್ಡದು ಯಾವಾಗಲೂ ಒಳ್ಳೆಯದು ಅನ್ನುವುದು ಈ ವಿಷಯದಲ್ಲಿ ಸುಳ್ಳು.

ಮುಟ್ಟಿಗೂ ಅದಕ್ಕೂ ಸಂಬಂಧವಿಲ್ಲದೆ ತಿಂಗಳಿಡೀ ತೊಡೆಸಂದಿಯಲ್ಲಿ ನವೆ ಇದ್ದು, ಬಳೆಯಾಕಾರದಲ್ಲಿ ಅಂಚು ಕೆಂಪಾಗಿ ದಿನೇದಿನೇ ಹೊರಕ್ಕೆ ಹರಡಿದರೆ ಅದು ಹುಳುಕಡ್ಡಿ. ಯಾವ ದುಬಾರಿ ಪ್ಯಾಡೂ ಅದನ್ನು ವಾಸಿ ಮಾಡುವುದಿಲ್ಲ. ಒಳಗೆ ನವೆ, ಮೊಸರು ಒಡೆದ ಹಾಗೆ ಬಿಳಿ ಹೋಗುತ್ತಿದ್ದರೆ ಅದೂ ಬೇರೆ, ಸಕ್ಕರೆ ಕಾಯಿಲೆ ಇರುವವರಲ್ಲಿ, ಬಸುರಿಯರಲ್ಲಿ ಹೆಚ್ಚು. ಇವೆರಡಕ್ಕೂ ಡಾಕ್ಟರ ಬಳಿ ಬನ್ನಿ.

ಮೆಡಿಕಲ್ ಸ್ಟೋರಿನಲ್ಲಿ 'ನವೆಗೆ ಏನಾದ್ರು ಕೊಡಿ' ಅಂದರೆ ಸಿಗುವ ಟ್ಯೂಬುಗಳಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಇರುತ್ತದೆ. ಹಚ್ಚಿದ ಎರಡೇ ದಿನಕ್ಕೆ ನವೆ ಮಾಯ, ಬಿಟ್ಟರೆ ಮೊದಲಿನ ಎರಡರಷ್ಟು. ಹುಳುಕಡ್ಡಿಗೆ ಅದನ್ನು ಹಚ್ಚಿದರೆ ಅಡಿಯಲ್ಲೇ ಹಬ್ಬುತ್ತದೆ. ತೊಡೆಸಂದಿಯ ಚರ್ಮ ತೆಳುವಾಗಿ, ಬಸುರಿಯ ಹೊಟ್ಟೆಯ ಗೆರೆಗಳ ಹಾಗೆ ಬಿರಿಯುತ್ತದೆ, ಆ ಗೆರೆ ಮತ್ತೆ ಹೋಗುವುದಿಲ್ಲ. ಇಪ್ಪತ್ತು ವರ್ಷದ ಹುಡುಗಿಯರಲ್ಲಿ ಆ ಗೆರೆ ನೋಡಿ ನನಗೆ ಬಹಳ ಸಂಕಟವಾಗುತ್ತದೆ. ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಿ, ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗ ಇದೆ. ದಯವಿಟ್ಟು ಬನ್ನಿ. ಅಲರ್ಜಿಯ ಅನುಮಾನ ಇದ್ದರೆ ಪ್ಯಾಚ್ ಟೆಸ್ಟ್ ಅಂತ ಮಾಡುತ್ತೇವೆ. ಅನುಮಾನದ ವಸ್ತುಗಳನ್ನು ಬೆನ್ನಿಗೆ ಅಂಟಿಸಿ 48 ಗಂಟೆ ಬಿಟ್ಟು ತೆಗೆದು ನೋಡುತ್ತೇವೆ, ಆಮೇಲೆ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ. ಸೂಜಿ ಇಲ್ಲ, ನೋವಿಲ್ಲ.

ನನ್ನದೇ ಒಂದು ಮಾತು ಹೇಳಿಬಿಡುತ್ತೇನೆ. ಮೈಸೂರಿನಲ್ಲಿ ಓದುತ್ತಾ ಹಾಸ್ಟೆಲಿನಲ್ಲಿದ್ದಾಗ ನನಗೂ ತಿಂಗಳು ತಿಂಗಳೂ ಹೀಗೇ ಆಗುತ್ತಿತ್ತು. ಡಾಕ್ಟರ್ ಓದುತ್ತಿರುವ ಹುಡುಗಿ, ಆದರೂ ಯಾರಿಗೂ ಹೇಳಲಿಲ್ಲ. ನನ್ನ ಮೈಯೇ ಗಲೀಜು ಅಂದುಕೊಂಡು ಬಿಸಿನೀರಿಗೆ ಆಂಟಿಸೆಪ್ಟಿಕ್ ಸುರಿದು ದಿನಕ್ಕೆ ಮೂರು ಸಲ ತೊಳೆದುಕೊಳ್ಳುತ್ತಿದ್ದೆ. ಹೆಚ್ಚು ತೊಳೆದಷ್ಟೂ ಹೆಚ್ಚು ಉರಿ. ಕೊನೆಗೆ ವಾರ್ಡಿನ ಹಿರಿಯ ಸಿಸ್ಟರ್ ಒಬ್ಬರು ನನ್ನ ನಡಿಗೆ ನೋಡಿ ಪಕ್ಕಕ್ಕೆ ಕರೆದು, "ಪ್ಯಾಕೆಟ್ ತಗೊಂಡು ಬಾ ಮಗಾ" ಅಂದರು. ಬಿಚ್ಚಿ ಮೂಸಿದರು. "ಅಗರಬತ್ತಿ ವಾಸ್ನೆ ಬತ್ತಾ ಐತಲ್ಲ. ಇದನ್ ಬಿಡು. ಆ ಬಾಟ್ಲಿನೂ ಬಿಡು" ಅಂದರು, ಅಷ್ಟೇ. ಎರಡನ್ನೂ ಬಿಟ್ಟೆ. ಮುಂದಿನ ತಿಂಗಳು ನನಗೆ ಮುಟ್ಟಾಗಿದೆ ಅನ್ನುವುದೇ ಮರೆತುಹೋಗುವಷ್ಟು ಹಗುರಾಗಿತ್ತು. ಈವತ್ತಿಗೂ ಪ್ಯಾಕೆಟ್ ಬಿಚ್ಚಿದರೆ ಮೊದಲು ಮೂಸಿ ನೋಡುತ್ತೇನೆ.

ಹಾಗಾಗಿ ಆರಿಸುವಾಗ ಮೊದಲನೆಯದು ಮೂಗು. ಮೈಸೂರು ಮಲ್ಲಿಗೆಯ ಘಮ ಮುಡಿಯಲ್ಲಿ ಇರಲಿ. ರಕ್ತಕ್ಕೆ ವಾಸನೆ ಬರುವುದು ಅದು ಗಾಳಿಗೆ, ಸೂಕ್ಷ್ಮಜೀವಿಗೆ ಸಿಕ್ಕಿ ಹೊತ್ತು ಕಳೆದ ಮೇಲೆ. ಹೊತ್ತಿಗೆ ಸರಿಯಾಗಿ ಬದಲಾಯಿಸಿದರೆ ಮುಚ್ಚಿಡಲು ಸೆಂಟು ಬೇಕಾಗುವುದಿಲ್ಲ. ಪ್ಯಾಕೆಟ್ಟಿನ ಮೇಲೆ ಪರ್ಫ್ಯೂಮ್, ಫ್ರಾಗ್ರೆನ್ಸ್ ಅಂತ ಇದ್ದರೆ ಸೂಕ್ಷ್ಮ ಚರ್ಮದವರು ಮುಟ್ಟಬೇಡಿ. ಬೇವು, ಲೋಳೆಸರ, ಹರ್ಬಲ್ ಅಂತ ಬರೆದಿದ್ದರೂ ನನ್ನ ಸಲಹೆ ಅದೇ. ಬೇವು ಒಳ್ಳೆಯದೇ, ಆದರೆ ಸುಲಿದ ಚರ್ಮಕ್ಕೆ ಎಷ್ಟು ಕಡಿಮೆ ಸಾಮಾನು ತಗಲಿದರೆ ಅಷ್ಟು ಒಳ್ಳೆಯದು.

ಎರಡನೆಯದು ಮೇಲ್ಪದರ. 'ಕಾಟನಿ' ಅಂದರೆ ಕಾಟನ್ ಅಲ್ಲ, ಕಾಟನ್ ಥರ ಅಂತ ಮಾತ್ರ. ನಿಜವಾದ ಹತ್ತಿಯ ಮೇಲ್ಪದರ ಇದ್ದರೆ ನೂರಕ್ಕೆ ನೂರು ಹತ್ತಿ ಅಂತ ಬಿಡಿಸಿ ಬರೆದಿರುತ್ತಾರೆ, ಬೆಲೆಯೂ ಹೆಚ್ಚು. ಹಾಗಂತ ಪ್ಲಾಸ್ಟಿಕ್ ಎಳೆಯ ಮೆತ್ತನೆ ಹಾಳೆ ಎಲ್ಲರಿಗೂ ಆಗದು ಅಂತಲ್ಲ, ಬಹಳ ಜನಕ್ಕೆ ಆಗುತ್ತದೆ. ಕಬ್ಬಿನ ಗದ್ದೆಯಲ್ಲಿ, ಕಳೆ ಕೀಳುವಲ್ಲಿ ಬೆವರುವವರಿಗೆ, ಗಾರ್ಮೆಂಟ್ಸಿನಲ್ಲಿ ಕೂತು ದುಡಿಯುವವರಿಗೆ ನಾನು ಹೇಳುವುದು ಜಾಲರಿ ಬೇಡ, ಬಟ್ಟೆಯಂಥ ಮೇಲ್ಪದರ ಇರಲಿ ಅಂತ. ಜಾಲರಿ ಮೇಲೆ ಒಣಗಿದಂತೆ ಇಡುತ್ತದೆ, ನಿಜ. ಆದರೆ ಬೆವರಿಗೆ ಅಂಟಿಕೊಳ್ಳುತ್ತದೆ, ತೂತಿನ ಅಂಚು ಕೆರೆಯುತ್ತದೆ. ಒಂದು ಪ್ಯಾಡು ತೆಗೆದು ಒದ್ದೆ ಮಾಡಿ ಮುಂಗೈ ಒಳಭಾಗಕ್ಕೆ ಇಪ್ಪತ್ತು ಸಲ ಉಜ್ಜಿ. ಎಳೆ ಎದ್ದು ಗಂಟಾದರೆ, ಕೈ ಕೆಂಪಾದರೆ ಅದು ನಿಮಗಲ್ಲ.

ಆಗ ನೀರು ಹಾಕಿಟ್ಟಿದ್ದ ಎರಡು ಪ್ಯಾಡುಗಳ ಮೇಲೆ ಈಗ ಪೇಪರು ಇಟ್ಟು ಅಂಗೈಯಲ್ಲಿ ಒತ್ತುತ್ತೇನೆ. ನೋಡಿ, ಇದರಲ್ಲಿ ಪೇಪರಿಗೆ ಬರೀ ಪಸೆ ಬಂತು. ಆ ಇನ್ನೊಂದರಲ್ಲಿ ಅಕ್ಷರವೆಲ್ಲ ನೆನೆದುಹೋಯಿತು. ಕೂತಾಗ ನಿಮ್ಮ ಭಾರಕ್ಕೆ ಹಿಂದಕ್ಕೆ ಬರುವುದು ಇಷ್ಟು. ಎರಡು ಪ್ಯಾಡಿನ ಬೆಲೆಯಲ್ಲಿ ಮನೆಯಲ್ಲೇ ಮಾಡಿಕೊಳ್ಳುವ ಪರೀಕ್ಷೆ ಇದು, ಹೆಣ್ಣುಮಕ್ಕಳು ಸೇರಿ ಮಾಡಿ.

ಪ್ಯಾಕೆಟ್ಟಿನ ಮೇಲಿನ ಉಳಿದ ಮಾತುಗಳಲ್ಲಿ ಐಎಸ್‌ಐ ಗುರುತು, ತಯಾರಾದ ತಾರೀಖು ನೋಡಿ. ಆರ್ಗ್ಯಾನಿಕ್ ಅನ್ನುವ ಪದಕ್ಕೆ ಮರುಳಾಗಬೇಡಿ. 2022ರಲ್ಲಿ ದೆಹಲಿಯ ಟಾಕ್ಸಿಕ್ಸ್ ಲಿಂಕ್ ಸಂಸ್ಥೆ ನಮ್ಮ ಮಾರುಕಟ್ಟೆಯ ಪ್ಯಾಡುಗಳನ್ನು ಪರೀಕ್ಷೆ ಮಾಡಿಸಿದಾಗ, ಪ್ಲಾಸ್ಟಿಕ್ ಮೆತ್ತಗಾಗಲು ಹಾಕುವ ಥ್ಯಾಲೇಟ್ ಎಂಬ ರಾಸಾಯನಿಕ ಆರ್ಗ್ಯಾನಿಕ್ ಅಂತ ಮಾರುವ ಪ್ಯಾಡುಗಳಲ್ಲೂ ಸಿಕ್ಕಿತ್ತು. ಇನ್ನು ಮನೆಮನೆಗೆ ಬಂದು, ಒಬ್ಬರ ಕೆಳಗೆ ಒಬ್ಬರನ್ನು ಸೇರಿಸಿ ಚೈನು ಕಟ್ಟಿಸಿ ಮಾರುತ್ತಾರಲ್ಲ, ನಡುವೆ 'ಆನಯಾನ್ ಚಿಪ್' ಅಂತ ಹೇಳುವ ಹಸಿರು ಪಟ್ಟಿ ಇರುವ ಪ್ಯಾಡು, ಗರ್ಭಕೋಶದ ಕಾಯಿಲೆಯೆಲ್ಲ ಹೋಗುತ್ತದೆ ಅಂತ? ಪ್ಯಾಡಿನ ಕೆಲಸ ರಕ್ತ ಹೀರುವುದು. ಕಾಯಿಲೆ ವಾಸಿ ಮಾಡುವುದು ಅದರ ಕೈಲಾಗದ ಕೆಲಸ. ಆ ದುಡ್ಡಿನಲ್ಲಿ ಎರಡು ಹತ್ತಿ ಚಡ್ಡಿ ಕೊಳ್ಳಿ.

ದುಡ್ಡಿನ ಮಾತು ಬಂತು. ಒಂದು ದುಬಾರಿ ಪ್ಯಾಡನ್ನು ಹತ್ತು ಗಂಟೆ ಇಟ್ಟುಕೊಳ್ಳುವುದಕ್ಕಿಂತ ಮೂರು ಅಗ್ಗದ ಪ್ಯಾಡು ಬದಲಾಯಿಸುವುದು ಚರ್ಮಕ್ಕೆ ಮೇಲು, ಇದನ್ನು ಒತ್ತಿ ಹೇಳುತ್ತೇನೆ. ಜನೌಷಧಿ ಕೇಂದ್ರದಲ್ಲಿ ಸುವಿಧಾ ಅಂತ ಪ್ಯಾಡು ಬರುತ್ತದೆ. 2018ರಲ್ಲಿ ಶುರುವಾದಾಗ ಒಂದಕ್ಕೆ ಎರಡೂವರೆ ರೂಪಾಯಿ ಇತ್ತು, 2019ರಲ್ಲಿ ಒಂದು ರೂಪಾಯಿಗೆ ಇಳಿಸಿದರು. ಪ್ಯಾಡಿನ ಮೇಲಿದ್ದ 12 ಪರ್ಸೆಂಟ್ ಜಿಎಸ್‌ಟಿಯನ್ನೂ 2018ರ ಜುಲೈನಲ್ಲಿ ತೆಗೆದರು. ಸರ್ಕಾರಿ ಶಾಲೆ, ಹಾಸ್ಟೆಲ್ಲಿನ ಹುಡುಗಿಯರಿಗೆ ಶುಚಿ ಯೋಜನೆಯ ಪ್ಯಾಡು ಉಚಿತ. ನಡುವೆ ಕೆಲಕಾಲ ನಿಂತಿತ್ತು, ಮತ್ತೆ ಶುರು ಮಾಡಿದ್ದಾರೆ. ಅದು ಮೈಗೆ ಆಗದೆ ಹೋದರೆ ಸುಮ್ಮನೆ ಎಸೆಯಬೇಡಿ, ಟೀಚರಿಗೋ ಆಶಾ ಕಾರ್ಯಕರ್ತೆಗೋ ಹೇಳಿ.

ಆದರೆ ಬದಲಾಯಿಸಲು ಜಾಗ ಬೇಕಲ್ಲ? ಎಲ್ಲ ಮಾತು ಇಲ್ಲಿ ಬಂದು ನಿಲ್ಲುತ್ತದೆ. "ಟಾರ್ಗೆಟ್ ಮುಗೀದೆ ಲೈನಿಂದ ಎದ್ದೋದ್ರೆ ಸೂಪರ್‌ವೈಸರ್ ಬಯ್ತಾನೆ" ಅಂದಿದ್ದಳು ಆ ಹೆಣ್ಣುಮಗಳು. 1948ರ ಕಾರ್ಖಾನೆ ಕಾಯ್ದೆಯಲ್ಲೇ ಹೆಂಗಸರಿಗೆ ಪ್ರತ್ಯೇಕ, ಮರೆ ಇರುವ ಶೌಚಾಲಯ ಕೊಡಬೇಕು ಅಂತ ಇತ್ತು. ಕೆಲಸದ ಯಾವ ಹೊತ್ತಿನಲ್ಲಾದರೂ ಅದು ಸಿಗುವಂತಿರಬೇಕು ಅಂತಲೂ ಇತ್ತು. ಇಲ್ಲಿ ಗಾರ್ಮೆಂಟ್ಸಿಗೆ ಹೋಗುವವರು ಹತ್ತು ಹನ್ನೆರಡು ಜನ ಇದ್ದೀರಿ. ಒಬ್ಬೊಬ್ಬರೇ ಕೇಳಬೇಡಿ, ಒಟ್ಟಿಗೆ ಹೋಗಿ ಕೇಳಿ. ಊಟದ ಬಿಡುವಿನಲ್ಲಿ ಒಂದು, ಸಂಜೆ ಟೀಗೆ ಒಂದು, ಇಷ್ಟು ಬದಲಾವಣೆ ನಿಮ್ಮ ಹಕ್ಕು. ಗದ್ದೆಗೆ ಹೋಗುವವರು ಒಂದು ಬಾಟಲಿ ನೀರು, ಪೇಪರು, ಹೊಸ ಪ್ಯಾಡು ಇರುವ ಕೈಚೀಲ ಬುತ್ತಿಯ ಜೊತೆಗೇ ಇಟ್ಟುಕೊಳ್ಳಿ. ಬಳಸಿದ್ದನ್ನು ಸುತ್ತಿ ಮನೆಗೆ ತನ್ನಿ, ನಾಲೆಗೆ ಎಸೆಯಬೇಡಿ.

ಯಾವುದನ್ನು ಬದಲಿಸಿದರೂ ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಪ್ಯಾಡು, ಸೋಪು, ಚಡ್ಡಿ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಆಗುತ್ತಿರಲಿಲ್ಲ ಅಂತ ಗೊತ್ತಾಗುವುದೇ ಇಲ್ಲ. ಮುಟ್ಟಿಲ್ಲದ ಒಂದು ದಿನ ಅನುಮಾನದ ಪ್ಯಾಡನ್ನು ಅರ್ಧ ದಿನ ಹಾಕಿ ನೋಡಿ. ರಕ್ತವಿಲ್ಲ, ಒದ್ದೆಯಿಲ್ಲ, ಆದರೂ ಆಗಲೋ ಒಂದೆರಡು ದಿನದೊಳಗೋ ನವೆ ಬಂದರೆ ತಪ್ಪು ಪ್ಯಾಡಿನದೇ. ಇನ್ನೊಂದು ದಾರಿ, ಒಂದು ಮುಟ್ಟು ಪೂರ್ತಿ ಒಗೆದ ಮೆತ್ತನೆ ಪಂಚೆ ಬಟ್ಟೆ ಬಳಸುವುದು. ಆಗಲೂ ಕೆಂಪಾದರೆ ಪ್ಯಾಡನ್ನು ಬಿಟ್ಟು ಬೇರೆ ಕಾರಣ ಹುಡುಕಬೇಕು.

ಇಷ್ಟು ಹೇಳಿ ನಾನು ಕೂತೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಮೊದಲು ಕೇಳಿದವರು ಎಪ್ಪತ್ತು ದಾಟಿದ ಒಬ್ಬ ಅಜ್ಜಿ. "ನಾವು ಉಡಿದಾರಕ್ಕೆ ಬಟ್ಟೆ ಕಟ್ಕೊಂಡು ನಾಟಿ ಮಾಡ್ದೋರು. ನಮ್ಗೇನೂ ಆಗ್ಲಿಲ್ವಲ್ಲ ಕಣವ್ವ?"

ಆಗಿತ್ತು ಅಜ್ಜಿ, ಹೇಳಿಕೊಳ್ಳಲಿಲ್ಲ ಅಷ್ಟೇ, ಅಂದೆ. ಅವರು ನಕ್ಕು ತಲೆಯಾಡಿಸಿದರು. ಬಟ್ಟೆ ಕೆಟ್ಟದ್ದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ 15ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಸುಮಾರು ಅರ್ಧದಷ್ಟು ಜನ ಈಗಲೂ ಬಟ್ಟೆ ಬಳಸುತ್ತಾರೆ. ಚರ್ಮಕ್ಕೆ ಹಳೆಯ ಹತ್ತಿಗಿಂತ ಮೆತ್ತನೆಯದು ಇಲ್ಲ. ತೊಂದರೆ ಇರುವುದು ಒಗೆಯುವುದರಲ್ಲಿ, ಒಣಗಿಸುವುದರಲ್ಲಿ. ನಮ್ಮ ಬೋರ್‌ವೆಲ್ ನೀರು ಗಡಸು, ಸೋಪು ಪೂರ್ತಿ ಬಿಡುವುದಿಲ್ಲ, ಬಟ್ಟೆ ಒಣಗಿದ ಮೇಲೆ ಹಪ್ಪಳದ ಹಾಗೆ ಸೆಟೆದುಕೊಳ್ಳುತ್ತದೆ. ಮೊದಲು ತಣ್ಣೀರಲ್ಲಿ ರಕ್ತ ಬಿಡಿಸಿ, ಸೋಪು ಸ್ವಲ್ಪವೇ ಹಾಕಿ, ಮೂರು ನೀರಲ್ಲಿ ಜಾಲಿಸಿ, ಬಿಸಿಲಲ್ಲಿ ಗರಿಗರಿ ಒಣಗಿಸಿ, ಉಡುವ ಮೊದಲು ಕೈಯಲ್ಲಿ ಉಜ್ಜಿ ಮೆತ್ತಗೆ ಮಾಡಿಕೊಳ್ಳಿ.

ಪಿಯುಸಿ ಹುಡುಗಿಯೊಬ್ಬಳು ಚೀಟಿ ಕಳಿಸಿದಳು, ಮುಟ್ಟಿಗೆ ಮೊದಲು ಕೂದಲು ತೆಗೆಯಬೇಕಾ ಅಂತ. ಬೇಕಿಲ್ಲ. ರೇಜರ್ ಆಡಿಸಿದ ಚರ್ಮದಲ್ಲಿ ಕಣ್ಣಿಗೆ ಕಾಣದ ಗೀರುಗಳಿರುತ್ತವೆ, ಅದರ ಮೇಲೆ ಪ್ಯಾಡು ಇಟ್ಟರೆ ಉಪ್ಪು ಸವರಿದ ಹಾಗೆ. ಉದ್ದವಾಗಿದೆ ಅನ್ನಿಸಿದರೆ ಕತ್ತರಿಯಲ್ಲಿ ಮೊಟಕು ಮಾಡಿಕೋ, ಅದೂ ವಾರದ ಮೊದಲೇ.

ಬಾಣಂತಿ ಮಗಳನ್ನು ಮನೆಯಲ್ಲಿಟ್ಟುಕೊಂಡ ತಾಯಿಯೊಬ್ಬರು ಹೊಲಿಗೆ ಹಾಕಿದ ಜಾಗದ ಬಗ್ಗೆ ಕೇಳಿದರು. ಜಾಲರಿ ಪ್ಯಾಡು ಬೇಡವೇ ಬೇಡ, ಹೊಲಿಗೆಯ ದಾರ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಮೊದಲ ದಿನಗಳಲ್ಲಿ ಎರಡು ಮೂರು ಗಂಟೆಗೊಮ್ಮೆ ಬದಲಾಯಿಸಿ. ಸಾಂಬ್ರಾಣಿ ಹೊಗೆ ಕೋಣೆಗೆ ಸಾಕು, ಆ ಜಾಗಕ್ಕೆ ಬೇಡ. ಎಣ್ಣೆ, ಅರಿಶಿನವೂ ಹೊಲಿಗೆಗೆ ಬೇಡ. ಬೆಚ್ಚನೆ ನೀರು ಮತ್ತು ಗಾಳಿ ಸಾಕು.

ಐವತ್ತೈದರ ಇನ್ನೊಬ್ಬರು ಮಾತ್ರ ಎಲ್ಲರೂ ಎದ್ದ ಮೇಲೆ ಹತ್ತಿರ ಬಂದು ಕೇಳಿದರು. ಮುಟ್ಟು ನಿಂತು ನಾಲ್ಕು ವರ್ಷ, ಕೆಮ್ಮಿದರೆ ಮೂತ್ರ ಹೋಗುತ್ತದೆ, ಅದಕ್ಕೆ ದಿನವಿಡೀ ಮುಟ್ಟಿನ ಪ್ಯಾಡು ಇಟ್ಟುಕೊಳ್ಳುತ್ತಾರೆ, ಈಗ ಉರಿ. ಮುಟ್ಟಿನ ಪ್ಯಾಡು ಮೂತ್ರಕ್ಕೆ ಮಾಡಿದ್ದಲ್ಲ. ಒಟ್ಟಿಗೇ ಬರುವ ಮೂತ್ರವನ್ನು ಅಷ್ಟು ಬೇಗ ಹೀರುವುದಿಲ್ಲ, ಚರ್ಮ ಮೂತ್ರದಲ್ಲೇ ನೆನೆಯುತ್ತದೆ. ಅದಕ್ಕೆಂದೇ ಬೇರೆ ಪ್ಯಾಡು ಸಿಗುತ್ತದೆ. ಅದಕ್ಕಿಂತ ಮುಖ್ಯ, ಆ ತೊಂದರೆಗೆ ಚಿಕಿತ್ಸೆ ಇದೆ, ಸ್ನಾಯು ಬಿಗಿ ಮಾಡುವ ವ್ಯಾಯಾಮ ಇದೆ. ಸೋಮವಾರ ಬರುತ್ತೇನೆ ಅಂದಿದ್ದಾರೆ.

ಕೊನೆಗೆ ಅದೇ ಅಜ್ಜಿ ಮೊಮ್ಮಗಳ ಕೈ ಹಿಡಿದುಕೊಂಡು ಬಂದರು. "ಇವಳು ನಾಡಿದ್ದು ಮೈಸೂರಿಗೆ ಹಾಸ್ಟೆಲ್‌ಗೆ ಹೋಯ್ತಾಳೆ. ಏನ್ ಕೊಟ್ಟು ಕಳಿಸ್ಲಿ?"

ವಾಸನೆ ಇಲ್ಲದ ಪ್ಯಾಡು ಎರಡು ಪ್ಯಾಕೆಟ್ಟು, ಅಳತೆಗೆ ಸರಿಯಾದ ಹತ್ತಿ ಚಡ್ಡಿ ಎಂಟು, ಒಂದು ಡಬ್ಬ ಪೆಟ್ರೋಲಿಯಂ ಜೆಲ್ಲಿ ಅಂದೆ. ಆಮೇಲೆ ನನ್ನ ಹಾಸ್ಟೆಲ್ಲಿನ ಟೆರೇಸು ನೆನಪಾಯಿತು. ಅಲ್ಲಿ ನಾವೆಲ್ಲ ಚಡ್ಡಿಯನ್ನು ದುಪಟ್ಟಾದ ಅಡಿಗೆ ಬಚ್ಚಿಟ್ಟು ಒಣಹಾಕುತ್ತಿದ್ದೆವು, ಮಳೆಗಾಲದಲ್ಲಿ ಮೂರು ದಿನವಾದರೂ ಆರುತ್ತಿರಲಿಲ್ಲ, ಹಸಿಯನ್ನೇ ಹಾಕಿಕೊಳ್ಳುತ್ತಿದ್ದೆವು. "ಒಂದು ನೈಲಾನ್ ಹಗ್ಗ, ಹತ್ತು ಕ್ಲಿಪ್ಪು ಕೂಡ ಹಾಕಿ ಅಜ್ಜಿ" ಅಂದೆ. ಅಜ್ಜಿ ಮೊಮ್ಮಗಳ ಕಡೆ ತಿರುಗಿ, "ಬಿಸ್ಲಲ್ಲೇ ಹರವು, ಯಾರ್ ನೋಡುದ್ರೂ ನೋಡ್ಲಿ" ಅಂದರು. ಹುಡುಗಿ ಮೇಜಿನ ಮೇಲೆ ಉಳಿದಿದ್ದ ಮೂರನೆಯ ಪ್ಯಾಡನ್ನು ಎತ್ತಿಕೊಂಡು ಮೂಸಿ ನೋಡುತ್ತಿದ್ದಳು.